ಜೋಳದ ಹೊಲದಲ್ಲಿ ಕಳೆ ಸಾಕಿದ ಮುಂಗಾರು

ನಮ್ಮ ಪವಿತ್ರ ಪಾಸಾದಳು! ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ನನ್ನ ಮೊಮ್ಮಗಳು, ನನ್ನ ಮಗನ ಮಗಳು, ಇವತ್ತು ಬೆಳಿಗ್ಗೆ ಮೈಸೂರಿನಲ್ಲಿ ದೊಡ್ಡ ದೊಡ್ಡ ಮೇಷ್ಟರುಗಳ ಮುಂದೆ ನಿಂತು, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಡಾಕ್ಟರ್ ಆದಳು. ಸೂಜಿ ಚುಚ್ಚುವ ಡಾಕ್ಟರ್ ಅಲ್ಲ. ಗಿಡದ ಡಾಕ್ಟರೂ ಅಲ್ಲವಂತೆ. ಗಿಡಕ್ಕೆ ಹುಳ ಬಿದ್ದರೆ ಇವಳು ಔಷಧಿ ಕೊಡುವುದಿಲ್ಲ, ಗಿಡ ತಾನೇ ಏನು ಮಾಡುತ್ತದೆ ಅಂತ ಕೂತು ನೋಡುತ್ತಾಳೆ. ಹಾಗಾದರೆ ಯಾವ ಡಾಕ್ಟರು ಅಂತ ಬೀದಿಯವರು ಕೇಳಿದರು. ನನಗೇನು ಗೊತ್ತು? "ಡಾಕ್ಟರು ಕಣ, ಅಷ್ಟೇಯ" ಅಂದು ಎಲ್ಲರ ಬಾಯಿಗೂ ಒಂದೊಂದು ಚಿಟಿಕೆ ಸಕ್ಕರೆ ಹಾಕಿ ಬಂದೆ.

ಫೋನು ಬಂದಾಗ ನಾನು ಹಿತ್ತಲಲ್ಲಿ ಹಸುವಿಗೆ ಹಸಿ ಜೋಳದ ಕಡ್ಡಿ ಕತ್ತರಿಸುತ್ತಿದ್ದೆ. "ಅಜ್ಜಿ, ಆಯ್ತು ಅಜ್ಜಿ" ಅಂದಳು. ಏನಾಯ್ತು ಅಂದೆ. ಮತ್ತೆ "ಆಯ್ತು" ಅಂದು ಬಿಕ್ಕಿದಳು. ಅಳು ಕೇಳಿ ನನಗೆ ಫೇಲಾದಳು ಅನ್ನಿಸಿತು. "ಓಗ್ಲಿ ಬುಡು ಕಣಮ್ಮಿ, ನಮ್ಮನೆ ಬಾಗ್ಲೇನ್ ಮುಚ್ಚೋಗಿದ್ದಾ? ಬಂದ್ಬುಡು" ಅಂದೆ. ಆ ಕಡೆ ಅಳು ನಿಂತು ನಗು ಶುರುವಾಯಿತು. "ಅಜ್ಜೀ, ಪಾಸಾದೆ ಅಜ್ಜಿ!" ಅಂದಳು. ನನ್ನ ಕೈಯಲ್ಲಿ ಕುಡುಗೋಲು ಹಾಗೇ ನಿಂತಿತು. ಕತ್ತರಿಸಿದ ಕಡ್ಡಿಯಿಂದ ಹಸಿ ಹಸಿ ವಾಸನೆ ಗಮ್ಮಂತ ಎದ್ದು ಮೂಗಿಗೆ ಬಡಿಯಿತು, ಅಷ್ಟೇ ನೋಡಿ, ನಾನು ಹಿತ್ತಲಲ್ಲಿ ಇರಲೇ ಇಲ್ಲ. ಕೆರೆ ಕಡೆ ಹೊಲದಲ್ಲಿ, ಆ ಮುಂಗಾರಿನಲ್ಲಿ, ಸೆರಗು ತಲೆ ಮೇಲೆ ಹೊದ್ದು ಕೂತಿದ್ದೆ.

ಮೂರು ವರ್ಷದ ಹಿಂದಿನ ಮಾತು. ಯುಗಾದಿ ಕಳೆದ ಮೇಲೆ ಪವಿತ್ರ ಒಂದು ಬ್ಯಾಗು ಬಟ್ಟೆ, ಎರಡು ಬ್ಯಾಗು ಖಾಲಿ ಡಬ್ಬಿ ಹೊತ್ತುಕೊಂಡು ನಮ್ಮೂರು ಉಡಿಗಾಲಕ್ಕೆ ಬಂದಳು. ಅವಳ ಅಪ್ಪ ಅಮ್ಮ ಇರುವುದು ಚಾಮರಾಜನಗರದಲ್ಲಿ, ಮಗನ ಕೆಲಸ ಅಲ್ಲೇ. ಅಲ್ಲಿ ಇಳಿಯದೆ ಸೀದಾ ನಮ್ಮ ಮನೆಗೇ ಬಂದಳಲ್ಲ ಅಂತ ನಾನು ಹಿಗ್ಗಿದೆ. ಒಳಗೆ ಕಾಲಿಟ್ಟು ನೀರು ಕುಡಿದವಳೇ ನಮ್ಮ ಯಜಮಾನರ ಮುಂದೆ ಕೂತಳು.

"ತಾತ, ಕೆರೆ ಕಡೆ ಹೊಲದಲ್ಲಿ ನಂಗೊಂದು ಮೂಲೆ ಬೇಕು."

"ಏನ್ ಬೆಳ್ದೀಯೆ ಮಗ?"

"ಮುಸುಕಿನ ಜೋಳ."

"ಅದ್ನ ನಾವೇ ಬೆಳೀತೀವಲ್ಲ."

"ಜೋಳ ಮಾತ್ರ ಅಲ್ಲ ತಾತ. ಹುಳಾನೂ ಬೇಕು. ಕಳೇನೂ ಬೇಕು."

ಯಜಮಾನರು ಕಿವಿ ಮುಂದಕ್ಕೆ ಮಾಡಿದರು. ಅವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ, ನಂಬಿಕೆ ಬರದಾಗ ಹಾಗೆ ಮಾಡುತ್ತಾರೆ. "ನಮ್ಮಪ್ಪನ ಕಾಲ್ದಿಂದ ಈ ಎಲ್ಡನ್ನೂ ಓಡ್ಸಕ್ಕೆ ಅಂತ ಸಾಯ್ತಾ ಇವಿ. ನೀನು ಅಷ್ಟ್ ವರ್ಸ ಓದ್ಬುಟ್ಟು ಬಂದು ಅವನ್ನೇ ಸಾಕ್ತೀನಿ ಅಂತೀಯಲ್ಲ ಕಣಮ್ಮಿ!" ಅಂದರು. ಬಾಯಲ್ಲಿ ಹಾಗೆ ಅಂದರೂ ಸಂಜೆ ಹೋಗಿ ಮೂಲೆಗೆ ಗೂಟ ಹೊಡೆದು ಬಂದರು.

ಅವಳು ಏನು ಓದುತ್ತಿದ್ದಳು ಅಂತ ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ನಾನು ತವರೂರು ಕುದೇರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿದವಳು. ತಪ್ಪಿದ್ದರೆ ಅವಳದಲ್ಲ, ನನ್ನದು. ಹುಳ ಎಲೆ ಕಚ್ಚಿದ ತಕ್ಷಣ ಗಿಡದ ಮೈಯೊಳಗೆ ಒಂದು ರಸ ಹುಟ್ಟುತ್ತದಂತೆ. ಅದಕ್ಕೆ ಹಾರ್ಮೋನು ಅನ್ನುತ್ತಾರೆ.

"ನಿಮ್ಮಮ್ಮಂಗೆ ಅದೆಯಲ್ಲ, ದಿನಾ ಮಾತ್ರೆ ನುಂಗ್ತಾಳಲ್ಲ, ಅದಾ?" ಅಂತ ಕೇಳಿದೆ.

"ಅದು ಥೈರಾಯ್ಡ್ ಅಜ್ಜಿ. ಅದೂ ಹಾರ್ಮೋನೇ, ಇದೂ ಹಾರ್ಮೋನೇ. ಮೈಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ತಗೊಂಡು ಹೋಗೋ ರಸ ಅಂತ ಇಟ್ಕೋ."

"ಗಿಡಕ್ಕೂ ಥೈರಾಯ್ಡಾ!"

"ಅಯ್ಯೋ ಅಜ್ಜಿ!"

ಆ ರಸ ಏರಿದ ಮೇಲೆ ಗಿಡ ಗಾಳಿಗೆ ಒಂದು ವಾಸನೆ ಬಿಡುತ್ತದೆ. ಹಸಿ ಕಡ್ಡಿ ಕತ್ತರಿಸಿದಾಗ ಬರುತ್ತದಲ್ಲ, ಅದರಲ್ಲೂ ಇದೆಯಂತೆ ಸ್ವಲ್ಪ. ಆ ವಾಸನೆ ಹಿಡಿದು ರಾಗಿಕಾಳಿನಷ್ಟು ಸಣ್ಣ ಕಣಜ ಹಾರಿ ಬಂದು, ಹುಳದ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿಗಳು ಹುಳವನ್ನು ಒಳಗಿಂದ ತಿಂದು ಮುಗಿಸುತ್ತವೆ. ಅಂದರೆ ಗಿಡ ಕೂಗಿ ಕರೆಯಿತು, ಕಣಜ ಬಂದು ಕಾಪಾಡಿತು. ಇಷ್ಟನ್ನು ದೊಡ್ಡ ದೊಡ್ಡವರು ಮೊದಲೇ ಕಂಡುಹಿಡಿದಿದ್ದಾರಂತೆ. ಇವಳ ಪ್ರಶ್ನೆ ಬೇರೆ. ಪಕ್ಕದಲ್ಲಿ ಕಳೆ ಒತ್ತಿಕೊಂಡು ಬೆಳೆದರೆ ಬಿಸಿಲಿಗಾಗಿ ಗಿಡ ಎತ್ತರಕ್ಕೆ ಏರಬೇಕು. ಎತ್ತರ ಏರಿಸುವ ರಸ ಒಂದು, ಕೂಗಿಸುವ ರಸ ಇನ್ನೊಂದು. ಒಂದಕ್ಕೆ ಶಕ್ತಿ ಹಾಕಿದರೆ ಇನ್ನೊಂದಕ್ಕೆ ಉಳಿಯುತ್ತದೆಯೇ? ಕಳೆಯ ನಡುವೆ ಸಿಕ್ಕಿಕೊಂಡ ಜೋಳ ಹುಳ ಕಚ್ಚಿದಾಗ ಮೊದಲಿನಷ್ಟೇ ಗಟ್ಟಿಯಾಗಿ ಕೂಗುತ್ತದೆಯೇ?

ಇದು ಮಾತ್ರ ನನಗೆ ಪಟ್ಟಂತ ತಲೆಗೆ ಹೋಯಿತು. ಮದುವೆಯಾದ ಹೊಸತರಲ್ಲಿ ಈ ಮನೆ ತುಂಬ ಜನ. ಸೊಂಟದ ಮೇಲೆ ಮಗು, ಒಲೆಯ ಮೇಲೆ ಮುದ್ದೆಯ ಎಸರು. ಬಾಗಿಲಿಗೆ ನಾಯಿ ನುಗ್ಗಿದರೂ "ಹಚಾ" ಅನ್ನಲು ಬಾಯಿ ಏಳುತ್ತಿರಲಿಲ್ಲ. ಜೋಳಕ್ಕೂ ಹಾಗೇ ಇರಬಹುದು. "ಕೂಗಕಿಲ್ಲ ಬುಡು, ನಾನೇ ಹೇಳ್ತೀನಿ, ಬರ್ಕೊ" ಅಂದೆ. "ನೀನು ಹೇಳಿದ್ರೆ ಸಾಲಲ್ಲ ಅಜ್ಜಿ, ಜೋಳ ಹೇಳ್ಬೇಕು" ಅಂದಳು.

ಕೃತ್ತಿಕೆ ಮಳೆ ಹದವಾಗಿ ಬಂತು. ಬಿತ್ತಿದೆವು. ಅವಳ ಮೂಲೆಯನ್ನು ಮಡಿ ಮಡಿಯಾಗಿ ಮಾಡಿ ಗೂಟಕ್ಕೆ ಬಣ್ಣದ ಪಟ್ಟಿ ಕಟ್ಟಿದಳು. ಕೆಂಪು ಪಟ್ಟಿಯ ಮಡಿಯಲ್ಲಿ ಕಳೆ ಒಂದು ಎಸಳೂ ಇರಬಾರದು. ನೀಲಿ ಪಟ್ಟಿಯ ಮಡಿಯಲ್ಲಿ ಒಂದು ಎಸಳೂ ಕೀಳಬಾರದು. ಹಕ್ಕಿ ಬರದ ಹಾಗೆ ಹಿಂದಿನ ಕೆಲವು ಮಡಿಗಳಿಗೆ ಬಲೆ ಮುಚ್ಚಿದಳು. ದಾರಿಯಲ್ಲಿ ಹೋಗುವವರು ನಿಂತು ನೋಡಿ, "ಏನ್ ದೊಡ್ಡವ್ವ, ಎಲೆಕ್ಷನ್ನಾ, ಬಾವುಟ ಕಟ್ಟಿದ್ದೀಯ?" ಅಂತ ಕೀಟಲೆ ಮಾಡುತ್ತಿದ್ದರು. ನಡುಮನೆಯ ಪಕ್ಕದ ಕೋಣೆಯಲ್ಲಿ, ನನ್ನ ಹಪ್ಪಳದ ಡಬ್ಬಿಗಳ ಸಾಲಿನಲ್ಲೇ ಹುಳದ ಡಬ್ಬಿಗಳು. ಜೋಳದ ಸುಳಿಯೊಳಗೆ ಕೂತು ತಿಂದು ಹಿಕ್ಕೆ ತುಂಬುವ ಆ ದರಿದ್ರ ಹುಳವನ್ನು ಇವಳು ಎಲೆ ಕೊಟ್ಟು ಸಾಕಿದಳು. ಆಮೇಲೆ ಬಣ್ಣ ಬಳಿಯುವ ಕುಂಚದಿಂದ, ತೊಟ್ಟಿಲಿಗೆ ಮಗು ಹಾಕುವ ಹಾಗೆ, ಒಂದೊಂದನ್ನೇ ಎತ್ತಿ ಗಿಡಕ್ಕೆ ಬಿಟ್ಟಳು. ಯಜಮಾನರಿಗೆ ನೋಡಲಾಗಲಿಲ್ಲ. "ಶಿವನೇ" ಅಂದು ಕಣ್ಣು ಮುಚ್ಚಿಕೊಂಡರು.

ನನ್ನ ಕೆಲಸ ಕಾಯುವುದು. ದನ ಬರದ ಹಾಗೆ, ನಾಯಿ ನುಗ್ಗದ ಹಾಗೆ ಬದುವಿನ ಮೇಲೆ ಕೂರುವುದು. ಕೂತು ಕೂತು ನನಗೂ ನೋಡುವ ಚಟ ಹಿಡಿಯಿತು. ಒಂದು ದಿನ ನನ್ನ ಕಣ್ಣೆದುರಿಗೇ ಕಣಜ ಬಂತು. ಕಪ್ಪು ಚುಕ್ಕೆ, ಅದಕ್ಕೊಂದು ರೆಕ್ಕೆ. ಎಲೆಯ ಮೇಲೆ ಇಳಿದು ಮೀಸೆ ಆಡಿಸುತ್ತ ಹುಡುಕಿತು. ಹುಳದ ಮೇಲೆ ಹತ್ತಿ ಬಾಲ ಬಗ್ಗಿಸಿ ಚುಚ್ಚಿತು. ಹುಳ ಬಳುಕಿತು. ನಾನು "ಹಾಕು, ಹಾಕು" ಅಂತಿದ್ದೆ, ಆದರೆ ಅದು ಒದ್ದಾಡುವುದನ್ನು ನೋಡಿದ ಮೇಲೆ ಪಾಪ ಅನ್ನಿಸಿತು. ನಾವೇ ಎಲೆ ಕೊಟ್ಟು ಸಾಕಿದ್ದಲ್ಲವೇ? ಯಾರ ಪರ ಇರಬೇಕು ಅಂತ ತಿಳಿಯದೆ ಕೂತಿದ್ದಾಗ, ಎಲ್ಲಿಂದಲೋ ಒಂದು ಕಾಜಾಣ ಹಕ್ಕಿ ಸರ್ರಂತ ಬಂದು, ಕಣಜದ ಮೊಟ್ಟೆ ಹೊತ್ತಿದ್ದ ಅದೇ ಹುಳವನ್ನು ಕಚ್ಚಿಕೊಂಡು ಹೋಯಿತು.

ನಾನು ಓಡಿದೆ. "ಪವೀ, ಕಾಜಾಣ ತಿಂದ್ಬುಡ್ತು ಕಣಮ್ಮಿ! ಹುಳಾನೂ ಓಯ್ತು, ಒಳಗಿದ್ದ ಮೊಟ್ಟೇನೂ ಓಯ್ತು. ಈಗ ಗೆದ್ದೋರ್ ಯಾರು?"

"ಜೋಳ, ಅಜ್ಜಿ. ಸದ್ಯಕ್ಕೆ."

"ಸದ್ಯಕ್ಕೆ ಅಂದ್ರೆ?"

"ಆ ಮೊಟ್ಟೆಯಿಂದ ಕಣಜ ಹುಟ್ಟಲ್ವಲ್ಲ. ನಾಳೆ ಇನ್ನೊಂದು ಹುಳ ಬಂದ್ರೆ?"

ನೋಡಿ, ಹೀಗೆ ಮಾತಾಡಿದರೆ ಮನುಷ್ಯ ಏನು ಅರ್ಥ ಮಾಡಿಕೊಳ್ಳಬೇಕು?

ಜೋಳ ಮೊಣಕಾಲೆತ್ತರ ಬಂದ ಹೊತ್ತಿಗೆ ಮೊದಲ ಪೆಟ್ಟು ಬಿತ್ತು. ಇಂಥದ್ದೇ ಇನ್ನೊಂದು ಹೊಲವನ್ನು ಅವಳು ಗುಂಡ್ಲುಪೇಟೆಯಿಂದಾಚೆ, ಮದ್ದೂರಿನ ಕಾಡಿನ ಮಗ್ಗುಲಲ್ಲಿ ನನ್ನ ತಂಗಿ ಮನೆಯವರ ಜಮೀನಿನಲ್ಲಿ ಮಾಡಿದ್ದಳು. ಎರಡು ಕಡೆ ಮಾಡಿ ಒಂದೇ ಉತ್ತರ ಬಂದರೆ ಮಾತ್ರ ಗಟ್ಟಿಯಂತೆ. ತಂಗಿ ಫೋನು ಮಾಡಿ, "ಅಕ್ಕಾ, ಆನೆ ಬಂದೋದೊ ಕಣಕ್ಕ" ಅಂದಳು. ಗೂಟವನ್ನಾದರೂ ಕಿತ್ತು ತರೋಣ ಅಂತ ನಾನೂ ಪವಿತ್ರಳೂ ಬೆಳಿಗ್ಗೆ ಬಸ್ಸು ಹತ್ತಿದೆವು. ಕೇರಳದ ಕಡೆಯಿಂದ ತಣ್ಣನೆ ಗಾಳಿ, ಮೋಡ ಮುಂದೆ ಮುಂದೆ ಓಡುತ್ತಿತ್ತು, ಹನಿ ಮಾತ್ರ ಇಲ್ಲ. ಗುಂಡ್ಲುಪೇಟೆಯಲ್ಲಿ ಇಳಿದು ಮದ್ದೂರಿನ ಬಸ್ಸಿಗೆ ಕಾಯುವಾಗ ಅವಳು ಚಹಾ ಕೂಡ ಕುಡಿಯಲಿಲ್ಲ. ಹೊಲ ನೋಡಿದರೆ ಚಾಪೆ ಹಾಸಿದ ಹಾಗೆ ಮಲಗಿತ್ತು. ಕೆಂಪು ಪಟ್ಟಿ, ನೀಲಿ ಪಟ್ಟಿ ಎಲ್ಲ ಒಂದೇ ಕೆಸರು.

"ಆನೇನೂ ಇದೇ ಸರಪಳೀಲಿ ಇರೋದು ಅಜ್ಜಿ. ಗಿಡ ತಿನ್ನೋರು, ಗಿಡ ತಿನ್ನೋರನ್ನ ತಿನ್ನೋರು" ಅಂತ ನಗಲು ನೋಡಿದಳು. ಆಗಲಿಲ್ಲ. ಬದುವಿನ ಮೇಲೆ ಕೂತು ಹೇಳಿದಳು. ಹೊಲದ ಕೆಲಸಕ್ಕೆ ಇದೇ ಕೊನೆಯ ಮುಂಗಾರು. ಮುಂದಿನ ವರ್ಷ ಬರೆದು ಮುಗಿಸಲೇಬೇಕು, ಇನ್ನೊಂದು ಬೆಳೆ ತೆಗೆಯಲು ಅವಳಿಗೆ ಕಾಲ ಉಳಿದಿಲ್ಲ. "ಉಡಿಗಾಲದ್ದೊಂದೇ ಈಗ ಇರೋದು. ಅದೂ ಹೋದ್ರೆ ನನ್ನ ಓದು ಅರ್ಧಕ್ಕೇ ಅಜ್ಜಿ." ನಾನು ಬೆನ್ನು ಸವರಿದೆ. "ನಮ್ಮೂರಿಗೆ ಆನೆ ಬರಕಿಲ್ಲ ಬುಡು. ನಡಿ, ಓಗನ" ಅಂದೆ.

ಆನೆ ಬರಲಿಲ್ಲ, ನಿಜ. ಸಂಜೆ ಉಡಿಗಾಲಕ್ಕೆ ಬಂದು ಇಳಿದು ಮನೆ ಮುಂದೆ ನಿಂತರೆ, ಜಗಲಿಯ ಮೇಲೆ ಒಂದು ದೊಡ್ಡ ಸೊಪ್ಪಿನ ಗಂಟು. ಎಳೆ ಎಳೆ ಅಣ್ಣೆ ಸೊಪ್ಪು, ಕೀರೆ, ಕನ್ನೆ, ಗೋಣಿ ಸೊಪ್ಪು. ನನಗೆ ಬಾಯಲ್ಲಿ ನೀರು. "ಯಾರ್ ಪುಣ್ಯಾತ್ಗಿತ್ತಿ ಇಟ್ಟೋದ್ಲೋ" ಅನ್ನುತ್ತ ಬಿಚ್ಚಿದೆ. ಪವಿತ್ರ ಹತ್ತಿರ ಬಂದಳು. ಒಂದು ಕುಡಿ ಎತ್ತಿ ನೋಡಿದಳು. ಅದರ ಕೆಳಗಿನ ಎಲೆಗೆ ಸಣ್ಣ ನೀಲಿ ದಾರ ಕಟ್ಟಿತ್ತು. ದಾರ ಕಟ್ಟಿದ್ದು ಅವಳೇ, ನೀಲಿ ಪಟ್ಟಿಯ ಮಡಿಯ ಕಳೆ ಅಂತ ಗುರುತಿಗೆ.

ಚಪ್ಪಲಿ ಬಿಟ್ಟು ಹೊಲಕ್ಕೆ ಓಡಿದಳು. ನಾನು ಹಿಂದೆ ಹಿಂದೆ ಏದುಸಿರು ಬಿಡುತ್ತ ಹೋದೆ. ಬಲೆಯಿಲ್ಲದ ನೀಲಿ ಪಟ್ಟಿಯ ಮಡಿಗಳಲ್ಲಿ ಕಳೆಯೆಲ್ಲ ತಲೆ ಬೋಳಿಸಿದ ಹಾಗಿತ್ತು. ಜೋಳ ಮಾತ್ರ ನೆಟ್ಟಗೆ ನಿಂತಿತ್ತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಪೇಟೆಯಲ್ಲಿ ಬೆಳೆದ ಪವಿತ್ರಳಿಗೆ ಅದು ಗೊತ್ತಿರಲಿಲ್ಲ, ಅವಳಿಗೆ ಹೇಳಬೇಕು ಅಂತ ನನಗೆ ಹೊಳೆದಿರಲಿಲ್ಲ. ಬೆರಕೆ ಸೊಪ್ಪಿಗೆ ಯಾರ ಅಪ್ಪಣೆಯೂ ಬೇಡ. ಬೆಳೆ ಮುಟ್ಟಿದರೆ ಜಗಳ, ಬೆಳೆಯ ನಡುವೆ ತಾನಾಗಿ ಎದ್ದ ಸೊಪ್ಪು ಊರಿನದು. ಯಾರ ಹೊಲವಾದರೂ ಸರಿ, ಮಡಿಲು ಕಟ್ಟಿಕೊಂಡು ಇಳಿಯಬಹುದು. ಕುಡಿ ಚಿವುಟಬೇಕು, ಬೇರು ಕೀಳಬಾರದು, ನಾಳೆ ಬರುವವಳಿಗೂ ಸಿಗಬೇಕಲ್ಲ. ಹೊಲದವರ ಮನೆ ಮುಂದೆ ಹಾದು ಹೋಗುವಾಗ ಅವರ ಪಾಲು ಇಟ್ಟು ಹೋಗುವುದು ಮರ್ಯಾದೆ. ನನ್ನ ಅತ್ತೆಯ ಕಾಲದಲ್ಲೂ ಹೀಗೇ ಇತ್ತು.

ಮಾರನೆಯ ಬೆಳಿಗ್ಗೆ ಮಾದಮ್ಮ ಬಂದಳು. ನಮ್ಮ ಹೊಲಕ್ಕೆ ವರ್ಷಗಟ್ಟಲೆಯಿಂದ ಕೂಲಿಗೆ ಬರುವವಳು, ಸೊಪ್ಪಿನ ಹೆಂಗಸರಿಗೆಲ್ಲ ಮುಂದಾಳು. ಪವಿತ್ರಳ ಕಣ್ಣು ಊದಿದ್ದು ನೋಡಿ ಅವಳಿಗೆ ಗಾಬರಿ.

"ಅವ್ವಾ, ಶಿವನಾಣೆಗೂ ನಿನ್ ಜ್ವಾಳದ್ ಒಂದೆಲೇನೂ ಮುಟ್ನಿಲ್ಲ ಕಣವ್ವ. ಹುಳಾನೂ ಮುಟ್ನಿಲ್ಲ. ಗಿಡ ಮುಟ್ಬ್ಯಾಡಿ, ಹುಳ ಮುಟ್ಬ್ಯಾಡಿ ಅಂತ ನೀನೇ ಅಂದಿದ್ದೆ. ಸೊಪ್ಪ ಮುಟ್ಬ್ಯಾಡಿ ಅಂದಿದ್ದಾ?"

"ಇಲ್ಲ ಮಾದಮ್ಮ. ಅಂದಿರಲಿಲ್ಲ."

"ಮತ್ತ! ಕಳೇನ ಬೇಕೂ ಅಂತ ಯಾರಾರ ಬುಡ್ತಾರಾ? ನಿಮ್ಮಜ್ಜಿಗೆ ವಯ್ಸಾಯ್ತು, ಕೈಲಾಗ್ದೆ ಬುಟ್ಟವ್ಳೆ, ಪಾಪ ಅನ್ಕಂಡು, ಹತ್ ಜನ ಒಟ್ಗೆ ಬಂದು ಚಿವ್ಟುದ್ವಿ."

"ಯಾರಿಗ್ ಕೈಲಾಗ್ದೆ?" ಅಂದೆ ನಾನು. "ನಿನಗಿಂತ ಮುಂದ್ ಓಯ್ತೀನಿ ಇವತ್ತೂವೆ ಸಾಲಲ್ಲಿ!"

"ಓಗೀಯೆ ಓಗೀಯೆ, ಬದಿನ್ ಮ್ಯಾಲ್ ಕೂತ್ಕಂಡು" ಅಂದಳು ಮಾದಮ್ಮ. ಪವಿತ್ರ ಅಳುವಿನ ನಡುವೆಯೇ ನಕ್ಕಳು. ಬೈಯಲು ಯಾರೂ ಇಲ್ಲ. ಆನೆಯನ್ನು ಬೈಯಬಹುದು. ಒಳ್ಳೆಯದು ಮಾಡಲು ಬಂದವರನ್ನು ಹೇಗೆ ಬೈಯುವುದು?

ಅವಳ ಗೈಡ್ ಮೇಡಂಗೆ ಫೋನು ಮಾಡಿದಳು. ಬಲೆಯೊಳಗಿನ ನೀಲಿ ಮಡಿಗಳು ಹಾಗೇ ಉಳಿದಿದ್ದವು, ಹೆಂಗಸರು ಬಲೆ ಎತ್ತಿರಲಿಲ್ಲ. ಆದರೆ ಅಷ್ಟು ಸಾಲದಂತೆ. ಮೇಡಂ ತಾವೇ ಬಂದು ನೋಡುತ್ತೇನೆ ಅಂದರು. ಅಷ್ಟರಲ್ಲಿ ಕಳೆ ಮತ್ತೆ ಎದ್ದರೆ ಉಂಟು, ಇಲ್ಲದಿದ್ದರೆ ಈ ಪ್ರಶ್ನೆಯನ್ನೇ ಕೈಬಿಡಬೇಕು. ಪವಿತ್ರ ಫೋನಿಟ್ಟು, "ಬಿ.ಎಡ್. ಮಾಡ್ತೀನಿ ಅಜ್ಜಿ, ಮೇಷ್ಟ್ರಾಗ್ತೀನಿ" ಅಂದಳು. ಅದೂ ಒಳ್ಳೆಯ ಕೆಲಸವೇ. ಆದರೆ ಹೇಳಿದ ದನಿ ಒಳ್ಳೆಯದಿರಲಿಲ್ಲ.

ಬಿಸಿಲು ಏರಿದ ಮೇಲೆ ಇಬ್ಬರೂ ಹೊಲಕ್ಕೆ ಹೋದೆವು. ಅವಳು ಮಂಡಿಯೂರಿ ಅಣ್ಣೆ ಗಿಡಗಳನ್ನು ಒಂದೊಂದೇ ನೋಡಿದಳು. ಬೇರು ಮಣ್ಣಲ್ಲೇ ಇತ್ತು, ಕಡ್ಡಿ ನಿಂತಿತ್ತು, ತುದಿ ಮಾತ್ರ ಇರಲಿಲ್ಲ. ಒಂದು ಕಡ್ಡಿಯ ತುದಿ ಬೆರಳಲ್ಲಿ ಮುಟ್ಟಿ ನೋಡಿ, "ಅಜ್ಜಿ, ಇವು ಕವಲು ಒಡೀಬಹುದು" ಅಂದಳು. ಗಿಡದ ತುದಿಯಲ್ಲಿ ಇನ್ನೊಂದು ರಸ ಇರುತ್ತದಂತೆ. ಅದು ಕೆಳಗಿಳಿದು ಬಂದು ಕಂಕುಳಲ್ಲಿರುವ ಮೊಗ್ಗುಗಳನ್ನೆಲ್ಲ "ನೀವು ಸುಮ್ಮನಿರಿ" ಅಂತ ಅದುಮಿಟ್ಟಿರುತ್ತದೆ. ತುದಿ ಹೋದರೆ ಅದುಮುವವರಿಲ್ಲ, ಎಲ್ಲವೂ ಏಳುತ್ತವೆ.

"ಅಲ್ಲ ಕಣಮ್ಮಿ, ಚಿವುಟಿದ ಸೊಪ್ಪು ಪೊದೆಯಾಯ್ತದೆ ಅಂತ ನಂಗ್ ಗೊತ್ತು. ಅದ್ಕೂ ಹಾರ್ಮೋನು, ಹುಳ ಕಚ್ಚಿದ್ಕೂ ಹಾರ್ಮೋನು, ಎತ್ರ ಬೆಳಿಯಕ್ಕೂ ಹಾರ್ಮೋನು, ನಿಮ್ಮಮ್ಮನ್ ಮಾತ್ರೇನೂ ಹಾರ್ಮೋನು. ಅದಿಲ್ದೆ ನಡಿಯೋದ್ ಯಾವ್ದಾದ್ರೂ ಅದಾ?"

"ಬಸ್ಸು" ಅಂದಳು.

ಆದರೆ ಚಿಗುರಬೇಕಾದರೆ ನೀರು ಬೇಕು. ಗಾಳಿ ಬೀಸಿತೇ ಹೊರತು ಮಳೆ ಬರಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಮೇಲೆ ಕಪ್ಪಗೆ ಕಟ್ಟುವುದು, ಸಂಜೆಗೆ ಹರಿದುಹೋಗುವುದು. ನನಗೆ ತಡೆಯಲಾಗಲಿಲ್ಲ. ಬಿಂದಿಗೆ ಸೊಂಟಕ್ಕಿಟ್ಟು ಹೊರಟೆ. ಪವಿತ್ರ ಅಡ್ಡ ನಿಂತಳು. ಕಳೆಯ ಮಡಿಗೆ ನೀರು ಹಾಕಿದರೆ ಕಳೆಯಿಲ್ಲದ ಮಡಿಗೂ ಅಷ್ಟೇ ಹಾಕಬೇಕು, ಬಲೆಯೊಳಗೂ ಅಷ್ಟೇ, ಇಲ್ಲದಿದ್ದರೆ ಜೋಳ ಕೂಗಿದ್ದು ಕಳೆಯಿಂದಲೋ ನೀರಿನಿಂದಲೋ ತಿಳಿಯುವುದಿಲ್ಲ. "ಸಾಯ್ತಾ ಇರೋದ್ಕೆ ನೀರ್ ಹುಯ್ಯಂಗಿಲ್ವಾ? ಇದ್ಯಾವ್ ಓದು?" ಅಂತ ಕೂಗಾಡಿದೆ. ಆಮೇಲೆ ನನಗೇ ನಗು ಬಂತು. ಈ ಹೊಲದಲ್ಲಿ ಕಳೆ ಕಿತ್ತು ಕಿತ್ತು ಬೆನ್ನು ಬಗ್ಗಿಸಿಕೊಂಡವಳು, ಕಳೆಗೆ ನೀರು ಹಾಕಲು ಬಿಡಲಿಲ್ಲ ಅಂತ ಮೊಮ್ಮಗಳ ಜೊತೆ ಜಗಳಕ್ಕೆ ನಿಂತಿದ್ದೆ! ಯಜಮಾನರು ಬೆಳಿಗ್ಗೆ ಪೂಜೆಯಲ್ಲಿ ಇಷ್ಟಲಿಂಗ ಅಂಗೈಲಿಟ್ಟುಕೊಂಡು ತುಟಿ ಆಡಿಸುತ್ತಿದ್ದರು. ಏನು ಬೇಡಿಕೊಂಡಿರಿ ಅಂತ ಕೇಳಿದೆ. "ಕಳೆ ಉಟ್ಲಿ ಅಂತ. ನಮ್ಮಪ್ಪ ಕೇಳಿಸ್ಕಂಡಿದ್ರೆ ದೊಣ್ಣೆ ತಕಬತ್ತಿದ್ದ" ಅಂದರು.

ಮೇಡಂ ಬರುವ ದಿನ ಹತ್ತಿರ ಬಂದಾಗ ಕೇರಳದ ಕಡೆಯ ಸೋನೆ ಕೊನೆಗೂ ನಮ್ಮವರೆಗೆ ಬಂತು. ಜೋರು ಮಳೆಯಲ್ಲ, ಹಿಟ್ಟು ಜರಡಿ ಹಿಡಿದ ಹಾಗೆ. ಹಗಲೆಲ್ಲ, ಮತ್ತೆ ಮಾರನೆಯ ಹಗಲೆಲ್ಲ. ನಾವು ಮೂವರೂ ಗೋಣಿಚೀಲ ಹೊದ್ದು ಬದುವಿನ ಮೇಲೆ ನಿಂತು ನೋಡಿದೆವು. ಅಣ್ಣೆ ಗಿಡದ ಪ್ರತಿ ಕಂಕುಳಲ್ಲೂ ಚಿಗುರು ಕಣ್ಣು ಬಿಟ್ಟಿತ್ತು. ಒಂದು ಕಡ್ಡಿ ಇದ್ದ ಕಡೆ ಕವಲೋ ಕವಲು. ಜೋಳದ ಸೊಂಟಕ್ಕೆ ಕಚ್ಚೆ ಕಟ್ಟಿದ ಹಾಗೆ ಒತ್ತಿಕೊಂಡು ಎದ್ದಿತು. ಪವಿತ್ರ ಕೆಸರಲ್ಲೇ ಕುಣಿದಳು. ಯಜಮಾನರು, "ಇಂಥ ಕಳೆ ನಮ್ಮೊಲ್ದಲ್ಲಿ ಯಾವತ್ತೂ ಬಂದಿಲ್ಲ ಕಣ!" ಅಂದರು, ಮೀಸೆ ತಿರುವಿಕೊಂಡು, ರಾಗಿ ಚೆನ್ನಾಗಿ ಬಂದಾಗ ಹೇಳುವ ದನಿಯಲ್ಲೇ.

ಮೇಡಂ ಬಂದರು. ಸಣ್ಣಗೆ ಇದ್ದರು, ಕನ್ನಡಕಕ್ಕೆ ಹನಿ ಬಿದ್ದು ಬಿದ್ದು ಒರೆಸಿಕೊಳ್ಳುತ್ತಿದ್ದರು. ಮಡಿ ಮಡಿ ಸುತ್ತಿದರು. ಬಗ್ಗಿ ನೋಡಿದರು, ಎದ್ದು ನಿಂತರು, ಮತ್ತೆ ಬಗ್ಗಿದರು. ಕೊನೆಗೆ, "ನೀನು ಮೊದಲು ಕೇಳಿದ ಪ್ರಶ್ನೆ ಇದಲ್ಲ, ಪವಿತ್ರ" ಅಂದರು. ಅವಳ ಮುಖ ಬಾಡಿತು. "ಆದರೆ ಇದು ಪ್ರಶ್ನೆಯೇ. ಇಲ್ಲಿ ಕಳೆಗೂ ಗಾಯವಾಗಿದೆ. ಚಿವುಟಿಸಿಕೊಂಡ ಕಳೆಯ ಪಕ್ಕ ಜೋಳ ಹೇಗಿರುತ್ತೆ, ಚಿವುಟದ ಕಳೆಯ ಪಕ್ಕ ಹೇಗಿರುತ್ತೆ? ಬಲೆಯೊಳಗಿನದನ್ನ ಇದಕ್ಕೆ ಹೋಲಿಸೋಕಾಗಲ್ಲ, ಅಲ್ಲಿಗೆ ಹಕ್ಕಿ ಬರಲ್ಲ. ಅದಕ್ಕೆ ಈ ಬಯಲಿನ ಮಡಿಗಳಲ್ಲೇ ಅರ್ಧ ಇನ್ನು ಮುಟ್ಟಬಾರದು, ಅರ್ಧ ಊರವರು ಎಂದಿನ ಹಾಗೆ ಚಿವುಟಲಿ. ಹಾಗೆ ಮಾಡೋಕಾಗುತ್ತಾ?" ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ನನಗೂ ಸ್ವಲ್ಪ ಗೊಂದಲವೇ" ಅಂದರು. ಆ ಮಾತಿಗೆ ನನಗಾದ ಸಮಾಧಾನ ಹೇಳತೀರದು. ಅಷ್ಟು ಓದಿದವರಿಗೂ ಗೊಂದಲ ಅಂದರೆ ನನ್ನದೇನು ದೊಡ್ಡದು!

ಉಳಿದಿದ್ದು ಊರವರನ್ನು ಕೇಳುವುದು. ಅದು ನನ್ನ ತಲೆಯ ಮೇಲೆ ಬಿತ್ತು. ಸೊಪ್ಪು ಕೊಡುವುದಿಲ್ಲ ಅಂತ ಈ ಮನೆಯವರು ಯಾವತ್ತೂ ಯಾರಿಗೂ ಅಂದಿಲ್ಲ. ನನ್ನ ಬಾಯಲ್ಲಿ ಆ ಮಾತು ಹೇಗೆ ಬರಬೇಕು? ಕೇಳಿಸಿಕೊಂಡವರು, "ಓ, ದೊಡ್ಡವ್ವಂಗೆ ಕಳೆ ಮೇಲೂ ಆಸೆ ಬಂತಾ" ಅನ್ನುವುದಿಲ್ಲವೇ? ಮಾದಮ್ಮನ ಮನೆ ಜಗಲಿಯ ಮೇಲೆ ಕೂತು ಬಹಳ ಹೊತ್ತು ಅಳಿಯನ ಸಮಾಚಾರ, ಕುರಿಯ ಸಮಾಚಾರ ಮಾತಾಡಿದೆ. ಕೊನೆಗೆ ಅವಳೇ ಅಂದಳು.

"ಅದೇನ್ ನುಂಗ್ಕಂಡ್ ಕೂತಿದ್ದೀಯ, ಉಗುಳು ದೊಡ್ಡವ್ವ."

ಹೇಳಿದೆ. ಜೋಳ ಕೂಗುವುದು, ಕಣಜ ಬರುವುದು, ಅರ್ಧ ಮಡಿ ಬಿಡುವುದು, ಎಲ್ಲ ತಲೆಕೆಳಗಾಗಿಯೇ ಹೇಳಿರಬೇಕು. ಮಾದಮ್ಮ ಗಲ್ಲದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು. "ನಂಗ್ ಒಂದ್ ಅಕ್ಸರಾನೂ ತಿಳೀನಿಲ್ಲ. ಮಗು ಪಾಸಾಯ್ತದಾ ಅದ್ರಿಂದ?"

"ಆಯ್ತದಂತೆ."

"ಅಂಗಾದ್ರೆ ನಮ್ಮ ಮಡಿ ಯಾವ್ದು, ಮಗೀನ ಮಡಿ ಯಾವ್ದು ಅಂತ ತೋರ್ಸು. ಕೇಳೋದ್ಕೆ ಇಷ್ಟೊತ್ತಾ? ನಾನೇನ್ ಸುಳಿಹುಳಾನಾ, ಸಿಕ್ಕಿದ್ದೆಲ್ಲಾ ತಿನ್ನಕ್ಕೆ?"

ಅಲ್ಲಿಂದ ಕೊಯ್ಲಿನವರೆಗೂ ಹೆಂಗಸರು ತಮ್ಮ ಮಡಿಗೇ ಬಂದರು, ತಮ್ಮದನ್ನೇ ಚಿವುಟಿದರು. ಆಚೆ ಮಡಿಯ ಕೀರೆ ಎಷ್ಟು ಎಳೆಯಾಗಿ ನಕ್ಕರೂ ಕೈ ಚಾಚಲಿಲ್ಲ. ಹೊಸದಾಗಿ ಬಂದ ಸೊಸೆಯೊಬ್ಬಳು ತಪ್ಪಿ ಅತ್ತ ಬಗ್ಗಿದರೆ, "ಏಯ್, ಅದು ಹುಳದ ಪಾಲು ಕಣಮ್ಮಿ!" ಅಂತ ಗದರುತ್ತಿದ್ದರು. ಪವಿತ್ರ ಬಿಸಿಲು ಮಳೆ ಅನ್ನದೆ ಕಣಜ ಹುಡುಕಿದಳು, ಎಲೆ ಕತ್ತರಿಸಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತುಂಬಿದಳು. ಕಪ್ಪಾದಳು, ಸಣ್ಣಗಾದಳು. ಜೋಳ ಮುರಿದಾಯಿತು. ಕಡ್ಡಿ ಕೊಯ್ದಾಯಿತು. ಡಬ್ಬಿಗಳನ್ನು ತೊಳೆದು ಬ್ಯಾಗಿಗೆ ತುಂಬಿಕೊಂಡು ಮೈಸೂರಿಗೆ ಹೋದಳು. ಕೋಣೆ ಬಿಕೋ ಅಂತಿತ್ತು. ಹುಳ ಇಲ್ಲ ಅಂತ ಮನಸ್ಸಿಗೆ ಬೇಜಾರಾದ ಹೆಂಗಸು ಚಾಮರಾಜನಗರ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಇವತ್ತು ಅವಳು ಸಂಜೆಯ ಬಸ್ಸಿಗೆ ಬಂದಳು. ಮಗ ಸೊಸೆ ಮಧ್ಯಾಹ್ನವೇ ಬಂದಿದ್ದರು, ಸೊಸೆ ಒಬ್ಬಟ್ಟಿಗೆ ಹೂರಣ ರುಬ್ಬಿ ಇಟ್ಟಿದ್ದಳು. ಪವಿತ್ರ ಬಂದವಳೇ ತಾತನ ಕಾಲಿಗೆ ಬಿದ್ದಳು, ನನ್ನ ಕುತ್ತಿಗೆಗೆ ಬಿದ್ದಳು. ಆಮೇಲೆ ಬಿಸಿ ಒಬ್ಬಟ್ಟು ಎಲೆಯಲ್ಲಿ ಸುತ್ತಿಕೊಂಡು ಮಾದಮ್ಮನ ಮನೆಗೆ ಓಡಿದಳು. ಅವಳು ತಿರುಗಿ ಬರುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು. ಹೊಸ್ತಿಲಲ್ಲೇ ಹಿಡಿದು ಕೇಳಿದೆ.

"ಈಗ್ಲಾದ್ರೂ ಹೇಳಮ್ಮಿ. ಕಳೆ ನಡುವೆ ಇದ್ದ ಜೋಳ ಕೂಗ್ತದಾ, ಇಲ್ವಾ?"

"ಕೆಲವು ಸಲ ಕೂಗುತ್ತೆ ಅಜ್ಜಿ. ಕಳೆ ತೀರಾ ಒತ್ತಿದ್ರೆ ದನಿ ಸಣ್ಣ ಆಗುತ್ತೆ. ನಿಮ್ಮ ಹೆಂಗಸರು ಚಿವುಟಿದ ಕಡೆ ಒಂದೊಂದು ವಾರ ಚೆನ್ನಾಗಿ ಕೂಗಿತ್ತು, ಒಂದೊಂದು ವಾರ ಇಲ್ಲ. ಯಾಕೆ ಅಂತ ಇನ್ನೂ ಗೊತ್ತಿಲ್ಲ."

"ಇನ್ನೂ ಗೊತ್ತಿಲ್ವಾ!" ಅಂದರು ಯಜಮಾನರು. "ಗೊತ್ತಿಲ್ದೆ ಡಾಕ್ಟರ್ ಕೊಟ್ಬುಟ್ರಾ?"

"ಎಷ್ಟು ಗೊತ್ತಿಲ್ಲ ಅಂತ ಸರಿಯಾಗಿ ಹೇಳಿದ್ದಕ್ಕೇ ಕೊಟ್ರು ತಾತ."

ಯಜಮಾನರು ಕಿವಿ ಮುಂದಕ್ಕೆ ಮಾಡಿ, ಮತ್ತೆ ಹಿಂದಕ್ಕೆ ತೆಗೆದುಕೊಂಡು ಗಟ್ಟಿಯಾಗಿ ನಕ್ಕರು. ಮಗನೂ ನಕ್ಕ. ಸೊಸೆ ಒಳಗಿಂದ ಎಲೆ ಹಾಕಿದೆ ಅಂತ ಕರೆದಳು.

ನಮ್ಮ ಮನೆಯಲ್ಲಿ ಗಂಡಸರದು ಮೊದಲು, ನಾನು ಬಡಿಸಿ ಕಡೆಗೆ ಉಣ್ಣುವುದು ರೂಢಿ. ಇವತ್ತು ಪವಿತ್ರ ಹಟ ಹಿಡಿದು ನನ್ನ ಭುಜ ಅದುಮಿ ತನ್ನ ಪಕ್ಕದಲ್ಲೇ ಕೂರಿಸಿದಳು. ಅತ್ತೆ ಕೂತರೆ ತಾನೂ ಕೂರುತ್ತೇನೆ ಅಂತ ಸೊಸೆಯೂ ಕೂತಳು. ಐದು ಎಲೆ, ಐದು ಜನ. ಎಲೆಯ ಮುಂದೆ ಕೈಕಟ್ಟಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತೇವೆ, ಎಲೆ ಖಾಲಿ. ಒಬ್ಬಟ್ಟು, ಅನ್ನ, ಸಾರು, ತುಪ್ಪ ಎಲ್ಲ ಒಲೆಯ ಹತ್ತಿರವೇ ಇದೆ, ಬಡಿಸುವವರು ಯಾರೂ ಇಲ್ಲ! ನಾನು ಏಳಲು ಹೋದೆ. ಪವಿತ್ರ ಸೆರಗು ಹಿಡಿದು ಎಳೆದಳು. ಆಗ ನಮ್ಮ ಯಜಮಾನರು, ಮದುವೆಯಾದಾಗಿನಿಂದ ಒಂದು ಲೋಟ ನೀರನ್ನೂ ತಾವಾಗಿ ತೆಗೆದುಕೊಳ್ಳದವರು, ಮೊಣಕಾಲು ಹಿಡಿದುಕೊಂಡು ಎದ್ದರು. ಒಬ್ಬಟ್ಟಿನ ತಟ್ಟೆ ಒಂದು ಕೈಯಲ್ಲಿ, ತುಪ್ಪದ ಗಿಂಡಿ ಒಂದು ಕೈಯಲ್ಲಿ. ಎಲ್ಲಿಂದ ಶುರುಮಾಡಬೇಕು ಅಂತ ತಿಳಿಯದೆ ಸಾಲಿನ ನಡುವೆ ನಿಂತರು.

"ಡಾಕ್ಟ್ರಿಂದ ಶುರು ಮಾಡ್ಲಾ, ಅವರಜ್ಜಿಯಿಂದ ಶುರು ಮಾಡ್ಲಾ?"

"ಎಲ್ಲಿಂದಾದ್ರೂ ಮಾಡಿ, ಹೊಟ್ಟೆ ಹಸೀತಾ ಅದೆ" ಅಂದೆ ನಾನು. ಅವರು ನನ್ನ ಎಲೆಗೆ ಎರಡು ಒಬ್ಬಟ್ಟು ಹಾಕಿ, ಗಿಂಡಿ ಬಗ್ಗಿಸಿ, ತುಪ್ಪವನ್ನೆಲ್ಲ ಒಂದೇ ಸಲಕ್ಕೆ ಸುರಿದುಬಿಟ್ಟರು. ಸೊಸೆ ಅಯ್ಯಯ್ಯೋ ಅಂದಳು. ಪವಿತ್ರ ನನ್ನ ಎಲೆಗೆ ಕೈ ಹಾಕಿದಳು, ಆಮೇಲೆ ಮಗ ಹಾಕಿದ, ಸೊಸೆ ಹಾಕಿದಳು. ಯಜಮಾನರೂ ತಟ್ಟೆ ಕೆಳಗಿಟ್ಟು ಅಲ್ಲೇ ಕೂತು ಕೈ ಹಾಕಿದರು. ಐದು ಎಲೆ ಇದ್ದರೂ ನಾವೆಲ್ಲ ಒಂದೇ ಎಲೆಯಲ್ಲಿ ಉಂಡೆವು.